ಶಹಾಪುರದ ಎಕ್ಸ್‌ಪ್ರೆಸ್ ಕಾಕು

ಹೋದ ತಿಂಗಳು ಕಾಕು ಕೆಲಸ ಬಿಟ್ಟರು. ಅರವತ್ತಾರನೆಯ ವಯಸ್ಸಿನಲ್ಲಿ, ಕೈಯ ಹತ್ತು ಬೆರಳು, ಎರಡು ಕಣ್ಣು ಎಲ್ಲ ಇದ್ದಲ್ಲೇ ಇರುವಾಗ ಬಿಟ್ಟರು. ಸುದ್ದಿ ಕೇಳಿ ನನಗೆ ಬೇಜಾರಾಗಬೇಕಿತ್ತು. ನಾಳೆ ಅಂಗಡಿಯ ಮಶೀನು ಕೆಟ್ಟರೆ ಯಾರನ್ನು ಕರೆಯುವುದು ಎಂಬ ಚಿಂತೆಯಾದರೂ ಬರಬೇಕಿತ್ತು. ಬಂದದ್ದು ಮಾತ್ರ ದೊಡ್ಡದೊಂದು ನಿಟ್ಟುಸಿರು. ಮೂವತ್ತು ವರ್ಷ ಕುದಿಯುವ ನೀರಿನ ಪಕ್ಕದಲ್ಲಿ ಕುಳಿತು ಕೆಲಸ ಮಾಡಿದ ಹೆಂಗಸು ಕ್ಷೇಮವಾಗಿ ಎದ್ದು ಒಳಗೆ ಹೋದರಲ್ಲ, ಅಷ್ಟು ಸಾಕು ಅನ್ನಿಸಿತು.

ಎಲ್ಲರಿಗೂ ಅವರು ಕಾಕು, ಅಂದರೆ ಚಿಕ್ಕಮ್ಮ; ಹೆಸರು ಬರೆಯುವುದಿಲ್ಲ. ಬರೆದರೆ ಬೈಯುತ್ತಾರೆ. ಹೆಸರು ಹೇಳಿದರೂ ಬೆಳಗಾವಿಯ ಅರ್ಧ ಮಂದಿಗೆ ಗುರುತು ಸಿಗಲಿಕ್ಕಿಲ್ಲ. ಎಕ್ಸ್‌ಪ್ರೆಸ್ ಕಾಕು ಎಂದರೆ ಮಾತ್ರ ಕೇಟರಿಂಗ್ ಮಾಡುವ ಪ್ರತಿಯೊಬ್ಬನೂ ಊರಿನ ಶಹಾಪುರ ಭಾಗದ ಕಡೆ ಕೈ ತೋರಿಸುತ್ತಾನೆ. ಮದುವೆ ಮನೆಯಲ್ಲಿ ಊಟದ ಹಾಲ್‌ನ ಬಾಗಿಲ ಬಳಿ ಹಿತ್ತಾಳೆಯ ಉದ್ದನೆಯ ಹಂಡೆಯಂಥದ್ದೊಂದು ನಿಂತಿರುತ್ತದೆ. ಕೆಳಗೆ ಗ್ಯಾಸಿನ ಉರಿ, ಪಕ್ಕಕ್ಕೆ ಚಾಚಿದ ಒಂದು ಸಪೂರ ಕೊಳವೆ. ಕೊಳವೆಯ ತುದಿಯನ್ನು ಹಾಲಿನ ಜಗ್ಗಿನಲ್ಲಿ ಅದ್ದಿ ಗುಂಡಿ ತಿರುಗಿಸಿದರೆ ಸುಂಯ್ ಎಂದು ಉಗಿ ನುಗ್ಗಿ ಹಾಲು ನೊರೆಯಾಗಿ ಏಳುತ್ತದೆ. ನೊರೆಯ ಮೇಲೆ ಚಿಟಿಕೆ ಚಾಕೊಲೇಟ್ ಪುಡಿ. ನಮ್ಮ ಕಡೆ ಎಕ್ಸ್‌ಪ್ರೆಸ್ ಕಾಫಿ ಎಂದರೆ ಅದು. ಆ ಮಶೀನುಗಳನ್ನು ರಿಪೇರಿ ಮಾಡುವುದು ಕಾಕುವಿನ ಕಸುಬಾಗಿತ್ತು.

ಅವರದು ತಲೆಮಾರುಗಳಿಂದ ಶಹಾಪುರದಲ್ಲೇ ಇರುವ ಜೈನ ಮನೆತನ. ತಂದೆಗೆ ನಾಲ್ಕು ಪವರ್‌ಲೂಮ್ ಇದ್ದವು. ಮಗ್ಗ ನಿಂತಾಗ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಅದರ ಕೆಳಗೆ ತೂರುವ ಅಭ್ಯಾಸ ಕಾಕುವಿಗೆ ಲಂಗದ ವಯಸ್ಸಿನಲ್ಲೇ ಆಯಿತು. ಮುಂದೆ ಮದುವೆಯಾಗಿ ಹೋದದ್ದು ನಾಲ್ಕು ಓಣಿ ಆಚೆಗೆ, ಪೆಂಡಾಲು ಮತ್ತು ಪಾತ್ರೆ ಬಾಡಿಗೆ ಕೊಡುವವರ ಮನೆಗೆ. ಆ ಮನೆಯಲ್ಲಿ ಒಂದು ಕಾಫಿ ಮಶೀನಿತ್ತು, ಕೆಟ್ಟಿತ್ತು, ಮೂಲೆಯಲ್ಲಿತ್ತು. ಅತ್ತೆ ಅದರ ಮೇಲೆ ಹಪ್ಪಳದ ಡಬ್ಬಿ ಇಡುತ್ತಿದ್ದರಂತೆ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಸೊಸೆ ಹಪ್ಪಳದ ಡಬ್ಬಿ ಕೆಳಗಿಳಿಸಿ ಮಶೀನು ಬಿಚ್ಚಿದಳು. ಸಂಜೆಯ ಹೊತ್ತಿಗೆ ಅದು ಉಗಿ ಬಿಟ್ಟಿತು. ಅಲ್ಲಿಂದ ಶುರು.

ನನಗೆ ಅವರ ಪರಿಚಯವಾದದ್ದು ಹನ್ನೆರಡು ವರ್ಷದ ಹಿಂದೆ. ಕಂಪನಿಯ ಕೆಲಸ ಬಿಟ್ಟು ಟಿಳಕವಾಡಿಯಲ್ಲಿ ಆರು ಟೇಬಲ್ಲಿನ ಕಾಫಿ ಅಂಗಡಿ ಹಾಕಿದ್ದೆ. ಪುಣೆಯಿಂದ ತಂದ ಸೆಕೆಂಡ್‌ಹ್ಯಾಂಡ್ ಮಶೀನು, ಪುಡಿಯ ಮೂಲಕ ಬಿಸಿನೀರನ್ನು ಜೋರಾಗಿ ಒತ್ತಿ ಡಿಕಾಕ್ಷನ್ ತೆಗೆಯುವ ಹೊರದೇಶದ್ದು. ಹನ್ನೊಂದನೆಯ ದಿನ ಅದರ ಬೆನ್ನಿನಿಂದ ಉಗಿ ಸೋರತೊಡಗಿತು. ಕಂಪನಿಗೆ ಫೋನು ಮಾಡಿದರೆ ಎಂಜಿನಿಯರು ಬರುವುದಕ್ಕೆ ಹದಿನೈದು ದಿನ ಅಂದರು. ಹಾಲು ಕೊಡುವವರು ನನ್ನ ಮುಖ ನೋಡಿ, “ಕಾಕೂನ್ನ ಕರೀರಲ್ಲ,” ಅಂದರು.

ಬಂದವರು ಗಿಡ್ಡನೆಯ ಹೆಂಗಸು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಹೆಗಲಿಗೆ ಕ್ಯಾನ್ವಾಸ್ ಚೀಲ. ಹಿಂದೆ ಅವರ ಯಜಮಾನರು ಕಾಕಾ, ಕೈಯಲ್ಲಿ ಇನ್ನೊಂದು ಚೀಲ. ನಾನು ಸಹಜವಾಗಿ ಯಜಮಾನರ ಮುಂದೆ ನಿಂತು ಮಶೀನಿನ ಕಷ್ಟ ವಿವರಿಸತೊಡಗಿದೆ. ಅವರು ಪೂರ್ತಿ ಕೇಳಿ, “ನನಗ ಹೇಳಿ ಏನ್ ಉಪಯೋಗ ಇಲ್ರಿ. ನಾ ಬರೇ ಚೀಲಾ ಹಿಡ್ಯಾಂವ,” ಅಂದರು. ಮುಂದೆ ರವಿವಾರ ಪೇಟೆಯ ಹಿತ್ತಾಳೆ ಸಾಮಾನಿನ ಅಂಗಡಿಗಳಲ್ಲಿ ಅದೇ ಮಾತನ್ನು ಅವರು ಎಷ್ಟೋ ಸಲ ಅದೇ ಮುಖಭಾವದಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಕಾಕಾ ಜೀವನದಲ್ಲಿ ಕಾಫಿ ಕುಡಿದವರಲ್ಲ. ಅವರಿಗೆ ಚಹಾ ಬೇಕು, ಅದೂ ಸಾಸರಿನಂಥ ಬಸಿಗೆ ಸುರಿದದ್ದು.

ಕಾಕು ಅಂಥ ಮಶೀನನ್ನು ಅದಕ್ಕೂ ಮೊದಲು ನೋಡಿರಲಿಲ್ಲ. ಹಾಗಂತ ಅವರೇ ಹೇಳಿದರು. “ಇದು ನನಗ ಹೊಸಾದು. ಗೊತ್ತಿಲ್ದ ಕಡೆ ಕೈ ಹಾಕೂದಿಲ್ಲ. ಮೊದ್ಲ ಕೇಳ್ತೀನಿ.”

“ಏನ್ ಕೇಳ್ತೀರಿ, ಹೇಳ್ತೀನಿ,” ಅಂದೆ.

“ನಿನ್ನಲ್ಲ, ತಂಗಿ. ಇದನ್ನ.”

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬಾಯ್ಲರಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಎರಡು ನಿಮಿಷ ಹಾಗೇ ಇದ್ದರು. ಆಮೇಲೆ ಸ್ಕ್ರೂಡ್ರೈವರ್ ಸರಿಸಿ ಇನ್ನೊಂದು ಕಡೆ, ಮತ್ತೊಂದು ಕಡೆ. ಅಂಗಡಿಯಲ್ಲಿದ್ದ ಇಬ್ಬರು ಹುಡುಗಿಯರು ಮೊಬೈಲು ಕೆಳಗಿಟ್ಟು ನೋಡುತ್ತಿದ್ದರು. ಕೊನೆಗೆ ಕಾಕು ಕಣ್ಣು ತೆರೆದು, “ಒಂದ ವಾಶರ್ ಹೋಗೈತಿ, ಅದು ದೊಡ್ಡ ಮಾತಲ್ಲ. ಇದರ ಹೊಟ್ಟ್ಯಾಗ ಸುಣ್ಣ ಕುಂತೈತಿ. ಬೋರಿನ ನೀರು ಹಾಕ್ತಿ ಹೌದಿಲ್ಲೊ?” ಅಂದರು. ಹೌದಾಗಿತ್ತು. “ನೀ ಕುಡಿಯೂ ನೀರನ್ನ ಇದಕ್ಕೂ ಕುಡಸು. ಇದಕ್ಕೂ ಹೊಟ್ಟಿ ಐತಿ.”

ಆ ವಾಶರು ಅಂಗಡಿಗಳಲ್ಲಿ ಸಿಗಲಿಲ್ಲ. ಕಾಕು ರವಿವಾರ ಪೇಟೆಯಿಂದ ದಪ್ಪ ರಬ್ಬರ್ ಹಾಳೆ ತಂದು, ನನ್ನ ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಕೂತು, ಬ್ಲೇಡಿನಿಂದ ಕೊಯ್ದು ಕೂರಿಸಿದರು. ಅದು ಮೂರು ವರ್ಷ ಬಾಳಿಕೆ ಬಂತು.

ಹೆಸರಿನ ಗೊಂದಲ ಬಗೆಹರಿಸಿದವರೂ ಅವರೇ. ನಾನು ಬೋರ್ಡಿನಲ್ಲಿ ಎಸ್ಪ್ರೆಸೊ, ಕಪುಚಿನೊ, ಲಾಟೆ, ಅಮೆರಿಕಾನೊ ಎಂದು ಬರೆಸಿದ್ದೆ. ಒಂದು ದಿನ ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಬಂದು ಬೋರ್ಡಿನ ಮೊದಲ ಸಾಲು ಓದಿ ಸಂತೋಷದಿಂದ, “ಒಂದ್ ಎಕ್ಸ್‌ಪ್ರೆಸ್ ಕೊಡ್ರಿ,” ಅಂದರು. ನಾನು ಸಣ್ಣ ಕಪ್ಪಿನಲ್ಲಿ ಎರಡು ಗುಟುಕು ಕಪ್ಪು ಕಾಫಿ ತಂದಿಟ್ಟೆ. ಅವರು ಕಪ್ಪನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು. “ಇದು ಸ್ಯಾಂಪಲ್ಲೇನ್ರಿ?” ಕುಡಿದ ಮೇಲೆ ಅವರ ಮುಖ ಹಿಂಡಿದ ಲಿಂಬೆಹಣ್ಣಾಯಿತು. ಕೌಂಟರಿನ ಹಿಂದೆ ಕೂತು ಕೊಳವೆ ತೊಳೆಯುತ್ತಿದ್ದ ಕಾಕು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು.

“ತಪ್ಪು ಅವರದಲ್ಲ, ನಿಂದೂ ಅಲ್ಲ,” ಅಂದರು ಆಮೇಲೆ. “ಅಲ್ಲಿ ಹೊರದೇಶದ ಮಂದಿ ಒತ್ತಿ ತಗದದ್ದಕ್ಕ ಆ ಹೆಸರು ಇಟ್ಟಾರ, ನಮ್ಮ ಮಂದಿ ಊದಿ ಎಬ್ಬಿಸಿದ್ದಕ್ಕ ಇಟ್ಟಾರ. ಇಬ್ಬರಿಗೂ ಬೋರ್ಡಿನ್ಯಾಗ ಒಂದೊಂದು ಸಾಲು ಕೊಡು.”

ಆ ವಾರವೇ ಬೋರ್ಡಿನ ತುದಿಗೆ ‘ಲಗ್ನದ ಕಾಫಿ’ ಎಂಬ ಸಾಲು ಸೇರಿತು. ಇಂದಿಗೂ ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಹೋಗುವುದು ಅದೇ. ಕಾಕುವಿಗೆ ಈ ಹೆಸರುಗಳಲ್ಲಿ ಒಂದು ಲೆಕ್ಕಾಚಾರವೇ ಇತ್ತು. ಫೋನು ಮಾಡಿದವರು ಏನೆಂದು ಕರೆಯುತ್ತಾರೆ ಎಂಬುದರ ಮೇಲೆ ಯಾವ ಚೀಲ ಒಯ್ಯಬೇಕೆಂದು ನಿರ್ಧರಿಸುತ್ತಿದ್ದರು. ‘ಫೇಸಾಚಿ ಕಾಫಿ’ ಎಂದು ಮರಾಠಿಯಲ್ಲಿ ನೊರೆಯ ಹೆಸರು ಹೇಳಿದರೆ ಖಾನಾಪುರದ ಕಡೆಯ ಕೇಟರಿಂಗಿನವರು, ಹಳೆಯ ಹಿತ್ತಾಳೆ ಮಶೀನು, ದೊಡ್ಡ ಪಾನಾ ಬೇಕು. ‘ಮಶೀನ್ ಕಾಫಿ’ ಎಂದರೆ ಬಸ್‌ಸ್ಟ್ಯಾಂಡಿನ ಹೋಟೆಲು, ಗುಂಡಿ ಸವೆದಿರುತ್ತದೆ. ‘ಕ್ಯಾಪು’ ಎಂದರೆ ಕಾಲೇಜು ಹುಡುಗರು ಬರುವ ನನ್ನಂಥವರ ಅಂಗಡಿ, ಸಣ್ಣ ಪಾನಾ ಸಾಕು, ಸುಣ್ಣ ಮಾತ್ರ ಖಾತ್ರಿ.

ಸೂರ್ಯ ಮುಳುಗಿದ ಮೇಲೆ ಅವರು ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಮನೆತನದ ಕಟ್ಟುನಿಟ್ಟು. ಸಂಜೆಯ ಆರತಕ್ಷತೆಗಳಲ್ಲಿ ಮಶೀನು ಸರಿ ಮಾಡಿ ಮೊದಲ ಕಪ್ಪನ್ನು ಮೂಗಿನ ಹತ್ತಿರ ತಂದು, ಕಪ್ಪು ಓರೆ ಮಾಡಿ ನೊರೆ ಹೇಗೆ ಜಾರುತ್ತದೆಂದು ನೋಡಿ, ಕಾಕಾನ ಕೈಗೂ ಕೊಡದೆ ಪಕ್ಕದಲ್ಲಿ ಯಾರಿದ್ದರೆ ಅವರಿಗೆ ಕೊಟ್ಟುಬಿಡುತ್ತಿದ್ದರು. ಒಮ್ಮೆ ವರನ ಕೈಗೇ ಕೊಟ್ಟಿದ್ದರಂತೆ, ಅವನು ಯಾರೆಂದು ಗೊತ್ತಾಗದೆ.

ಇನ್ನೊಂದು ನಿಯಮ ಇದಕ್ಕಿಂತ ಬಿಗಿ. ಪ್ರತಿ ಮಶೀನಿನ ತಲೆಯ ಮೇಲೆ ಸೇಫ್ಟಿ ವಾಲ್ವ್ ಇರುತ್ತದೆ. ಒಳಗೆ ಒತ್ತಡ ಮಿತಿ ಮೀರಿದರೆ ತಾನಾಗಿ ಬಿಚ್ಚಿ ಉಗಿಯನ್ನು ಹೊರಗೆ ಬಿಡುವಂಥದ್ದು. ಬಿಚ್ಚಿದಾಗ ಕೀಚಲು ಧ್ವನಿ ಬರುವುದರಿಂದ ಎಲ್ಲರೂ ಅದಕ್ಕೆ ಸೀಟಿ ಎನ್ನುತ್ತಾರೆ. ರಿಪೇರಿಯಾದ ಮಶೀನನ್ನು ಕಾಕು ತಮ್ಮ ಹಿತ್ತಲಲ್ಲಿ ಹಚ್ಚಿ, ಸೀಟಿ ತಾನಾಗಿ ಹೊಡೆಯುವವರೆಗೆ ಕಾಯ್ದು, ಆಮೇಲೆಯೇ ಗಾಡಿ ಹತ್ತಿಸುತ್ತಿದ್ದರು. ಆ ಓಣಿಯವರಿಗೆ ಆ ಸದ್ದು ಎಷ್ಟು ರೂಢಿಯಾಗಿತ್ತೆಂದರೆ ಎರಡು ದಿನ ಕೇಳದಿದ್ದರೆ ಕಾಕುವಿಗೆ ಮೈಯಲ್ಲಿ ಸರಿಯಿಲ್ಲವೇ ಎಂದು ವಿಚಾರಿಸಲು ಬರುತ್ತಿದ್ದರು.

ನಾಲ್ಕು ವರ್ಷದ ಹಿಂದಿನ ಮಾತು. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಕಾಕಾ ಒಬ್ಬರೇ ಬಂದರು, ಕೈಯಲ್ಲಿ ಚೀಲವಿರಲಿಲ್ಲ. ನಿಂತಲ್ಲೇ ಹೇಳಿದರು. ಖಾನಾಪುರದಲ್ಲಿ ಹಿಂದಿನ ಸಂಜೆ ಒಂದು ಮದುವೆಯಲ್ಲಿ ಕಾಫಿ ಮಶೀನಿನ ಕೊಳವೆ ಕಿತ್ತು ಬಂದು, ಮಶೀನು ನಡೆಸುವ ಪರಶುರಾಮನ ಮುಖಕ್ಕೂ ತೋಳಿಗೂ ಉಗಿ ಹೊಡೆದಿದೆ. ಬೆಳಗಾವಿಯ ಆಸ್ಪತ್ರೆಗೆ ತಂದಿದ್ದಾರೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಕೊಳವೆ ಕೀಳುವ ಹೊತ್ತಿಗೆ ಸೀಟಿ ಹೊಡೆಯಲಿಲ್ಲವಂತೆ. ಆ ಮಶೀನು ಮೂರು ದಿನದ ಹಿಂದೆ ಕಾಕುವಿನ ಹಿತ್ತಲಿಂದ ಹೋದದ್ದು.

ನಾನು ಶಹಾಪುರಕ್ಕೆ ಹೋದಾಗ ಕಾಕು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ಮುಂದೆ ಪಾನಾಗಳನ್ನೆಲ್ಲ ಅಳತೆಯ ಪ್ರಕಾರ ಜೋಡಿಸಿಟ್ಟಿದ್ದರು.

“ಸೀಟಿ ಹೊಡಿಸಿದ್ದೆ,” ಅಂದರು ನನ್ನನ್ನು ನೋಡದೆ. “ಹೊಡಿಸಿದ್ದೆ ಅನಸ್ತೈತಿ. ಅವತ್ತ ಮೂರು ಮಶೀನ್ ಇದ್ವು. ಎರಡರದು ನೆನಪೈತಿ. ಮೂರನೇದ್ದು ಬರೇ ಅನಸ್ತೈತಿ. ಅನಸೂದು ಬ್ಯಾರೆ, ನೆನಪಿರೂದು ಬ್ಯಾರೆ.”

ಪರಶುರಾಮನನ್ನು ನಾನೂ ನೋಡಿದ್ದೆ. ಐವತ್ತರ ಆಸುಪಾಸಿನ ತೆಳ್ಳನೆಯ ಗೃಹಸ್ಥ, ಖಾನಾಪುರದವನು, ಮನೆಮಾತು ಮರಾಠಿ. ಮಶೀನು ತರುವಾಗಲೆಲ್ಲ ಕಾಕುವಿನ ಹಿತ್ತಲಲ್ಲಿ ಕೂತು ಅವರ ಕೈಕೆಲಸ ನೋಡುತ್ತಿದ್ದ. ಮಧ್ಯಾಹ್ನ ಆಸ್ಪತ್ರೆಗೆ ಹೋದೆವು. ಅವನ ಹೆಂಡತಿ ಮಂಚದ ಬಳಿ ಸ್ಟೂಲಿನ ಮೇಲಿದ್ದಳು. ಕಾಕು “ಪರಶುರಾಮ್” ಎಂದು ಕರೆದದ್ದೇ ತಡ, ಆತ ಪಟ್ಟಿ ಕಟ್ಟಿದ ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟ. ಅವನ ಹೆಂಡತಿ, “ಡಾಕ್ಟ್ರು ನಾಕ್ ದಿವಸ ತಡೀರಿ ಅಂದಾರ. ಕಣ್ಣು ಏನಾಗ್ತೈತೋ ಪಟ್ಟಿ ಬಿಚ್ಚಿದ ಮ್ಯಾಲ ಗೊತ್ತಾಗ್ತೈತಂತ,” ಅಂದಳು. ಬೈಯಲಿಲ್ಲ. ಬೈದಿದ್ದರೆ ಕಾಕುವಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೊ. ಹೊರಗೆ ಬಂದ ಮೇಲೆ ಅವರು ಮೆಟ್ಟಿಲ ಮೇಲೆ ನಿಂತು, “ನೋಡ್ದಿ? ಮಾರಿ ತಿರುವಿದ,” ಅಂದರು.

ಎರಡು ದಿನ ಓಣಿಯಲ್ಲಿ ಸೀಟಿ ಕೇಳಲಿಲ್ಲ. ಬಾಗಿಲಿಗೆ ಬಂದ ಎರಡು ಮಶೀನುಗಳನ್ನು ಕಾಕು ತಿರುಗಿಸಿ ಕಳಿಸಿದರು. ಕಾಕಾ ಚಹಾ ಮಾಡಿ ಅವರ ಮುಂದಿಡುವುದು, ಅದು ಕೆನೆಗಟ್ಟುವುದು, ಕಾಕಾ ಅದನ್ನು ಎತ್ತಿ ಒಳಗೆ ಒಯ್ಯುವುದು. ಆಗಲೇ ಕೇಟರಿಂಗಿನ ಮಾಲಕರು ಊರೆಲ್ಲ ಹೇಳತೊಡಗಿದ್ದರು, ಕಾಕುವಿನ ಕೈ ಸೋತಿದೆ, ವಯಸ್ಸಾಯಿತು ಎಂದು. ಅದನ್ನು ನನಗೆ ಹೇಳಿದವರೇ ಮೂವರು.

ಮೂರನೆಯ ದಿನ ಬೆಳಿಗ್ಗೆ ಕಾಕುವಿನ ಫೋನು ಬಂತು. “ತಂಗಿ, ಗಾಡಿ ತಗೊಂಡ್ ಬಾ. ಖಾನಾಪುರಕ್ಕ ಹೋಗೂಣು. ಆ ಮಶೀನ್ ನಾ ಬಿಚ್ಚಿ ನೋಡ್ಬೇಕು.”

“ಈಗ ಬ್ಯಾಡ್ರಿ ಕಾಕು,” ಅಂದೆ. ನನಗೆ ಅಂಜಿಕೆಯಾಗಿತ್ತು. ನೋಡದಿದ್ದರೆ ಅನುಮಾನವಾದರೂ ಉಳಿಯುತ್ತದೆ. ನೋಡಿ ಅವರದೇ ತಪ್ಪು ಎಂದಾದರೆ ಈ ಹೆಂಗಸು ಮತ್ತೆ ಏಳುವುದಿಲ್ಲ ಅನ್ನಿಸಿತ್ತು.

“ನಂದ ತಪ್ಪಿದ್ರ ನನಗ ಗೊತ್ತಾಗ್ಬೇಕಲ್ಲ. ಇಲ್ಲಂದ್ರ ಪರಶುರಾಮನ ಮುಂದ ಏನಂತ ನಿಲ್ಲಲಿ?”

ಸ್ಕೂಟರಿನ ಹಿಂದೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು. ದೇಸೂರು ದಾಟಿ ಖಾನಾಪುರ ಮುಟ್ಟಿದೆವು.

ಕೇಟರಿಂಗಿನವರ ಗೋದಾಮು ಹಿಂದೆ ಹಂಚಿನ ಭಟ್ಟಿಯಾಗಿದ್ದ ಒಂದು ಶೆಡ್ಡು. ಮಾಲಕರು ಬಾಗಿಲಲ್ಲೇ ಇದ್ದರು. “ನೋಡ್ರಿ, ನೋಡ್ರಿ. ನೀವ ರಿಪೇರಿ ಮಾಡಿದ್ದು, ನೀವ ನೋಡ್ರಿ,” ಅಂದರು. ಮಶೀನು ಮೂಲೆಯಲ್ಲಿ ಗೋಣಿತಟ್ಟು ಹೊದ್ದುಕೊಂಡು ನಿಂತಿತ್ತು. ಆ ಸಂಜೆ ಗ್ಯಾಸು ಬಂದ್ ಮಾಡಿ, ಅದರ ಮೇಲೆ ಒದ್ದೆ ಗೋಣಿ ಎಸೆದು, ಹಾಗೇ ಎತ್ತಿ ತಂದಿಟ್ಟಿದ್ದರು. ಆಮೇಲೆ ಯಾರೂ ಮುಟ್ಟಿರಲಿಲ್ಲ.

ಕಾಕು ಗೋಣಿ ತೆಗೆದರು. ಕಿತ್ತುಬಂದ ಕೊಳವೆಯನ್ನು ನೋಡಲಿಲ್ಲ. ನೇರವಾಗಿ ತಲೆಯ ಮೇಲಿನ ಸೀಟಿಗೆ ಕೈ ಹಾಕಿದರು. ಬೆರಳು ಅದರ ಸುತ್ತ ಅರ್ಧ ಸುತ್ತು ಹೋಗಿ ನಿಂತಿತು. ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ನನ್ನ ಕೈ ಹಿಡಿದು ಎಳೆದರು. ಸೀಟಿಯ ಸಣ್ಣ ಹಿಡಿಕೆಯನ್ನು ಕೆಳಕ್ಕೆ ಒತ್ತಿ, ಹಸಿರು ಬಣ್ಣದ ತೆಳು ತಂತಿಯಿಂದ ನಾಲ್ಕು ಸುತ್ತು ಬಿಗಿದು ಕಟ್ಟಲಾಗಿತ್ತು. ಮಂಟಪಕ್ಕೆ ಹೂವು ಕಟ್ಟಲು ಬಳಸುವ ತಂತಿ.

ಕಾಕು ಇಕ್ಕಳದಿಂದ ತಂತಿ ಕತ್ತರಿಸಿದರು. ಹಿಡಿಕೆ ಟಕ್ ಎಂದು ಮೇಲೆ ಜಿಗಿಯಿತು. ಒಳಗಿನ ಸ್ಪ್ರಿಂಗು ಹೊಸದರಂತೆ ಆಡುತ್ತಿತ್ತು. ಎರಡು ಸಲ, ಮೂರು ಸಲ ಒತ್ತಿ ಬಿಟ್ಟು ನೋಡಿದರು. ಆಮೇಲೆ ಅಲ್ಲೇ ಮಣ್ಣುನೆಲದ ಮೇಲೆ ಕೂತುಬಿಟ್ಟರು.

“ನಂದಲ್ಲ,” ಅಂದರು, ಮಗು ಹೇಳಿದಷ್ಟು ಸಣ್ಣ ಧ್ವನಿಯಲ್ಲಿ. “ತಂಗಿ, ನಂದಲ್ಲ.” ನನಗೂ ಎದೆಯ ಮೇಲಿಂದ ಯಾರೋ ಎದ್ದುಹೋದಂತಾಯಿತು. ನಾನು ನಕ್ಕೆ, ಅವರೂ ನಕ್ಕರು. ಮರುಕ್ಷಣವೇ ಅವರ ನಗು ನಿಂತಿತು. “ಅಲ್ಲಿ ಆ ಮನಶ್ಯಾ ಕಣ್ಣ ಕಟ್ಕೊಂಡು ಮಲಗ್ಯಾನ. ನಾ ಇಲ್ಲಿ ಖುಷಿ ಪಡಾಕತ್ತೀನಿ,” ಎಂದು ಮುಖ ಒರೆಸಿಕೊಂಡರು.

ಮಾಲಕರೂ ತಂತಿ ನೋಡಿದ್ದರು. ಅವರ ಸಿಟ್ಟು ಈಗ ದಾರಿ ಬದಲಿಸಿತು. “ಹಂಗಾದ್ರ ಇದು ಪರಶುರಾಮಂದ ಕೆಲಸ! ಅಕ್ಷತಾ ಹೊತ್ತಿನ್ಯಾಗ ಸೀಟಿ ಹೊಡ್ಯಾಕತ್ತಿತ್ತು, ಹೆಣ್ಣಿನ ಕಡೆಯವರು ಬಂದ್ ಮಾಡ್ರಿ ಅಂತ ಒದರಿದ್ರು. ಬಂದ್ ಮಾಡು ಅಂದ್ರ ಕಟ್ಟಿ ಇಡೂದಾ? ಇನ್ನ ಅಂವನ್ನ ನಾ ಬಾಗ್ಲಾಗ ಬಿಟ್ಕೊಳ್ಳೂದಿಲ್ಲ.”

ಕಾಕು ನೆಲಕ್ಕೆ ಕೈಯೂರಿ ಎದ್ದರು. ನಾನಾಗಿದ್ದರೆ ಅಲ್ಲಿಗೆ ಮುಗಿಯಿತು ಎಂದು ಚೀಲ ಎತ್ತಿಕೊಂಡು ಬರುತ್ತಿದ್ದೆ. ಅವರು ಮಶೀನಿನ ಎದೆಯ ಮೇಲಿದ್ದ, ಒತ್ತಡ ತೋರಿಸುವ ಗುಂಡನೆಯ ಗೇಜನ್ನು ಬೆರಳಿನಿಂದ ಬಡಿದರು. ಮುಳ್ಳು ಅಲುಗಾಡಲಿಲ್ಲ.

“ಇದು ಸತ್ತೈತಿ, ಬದಲಿ ಮಾಡಸ್ರಿ ಅಂತ ನಿಮಗ ಎರಡು ಸಲ ಹೇಳಿದ್ದೆ. ಹೇಳಿದ್ನೋ ಇಲ್ಲೊ?”

ಮಾಲಕರು, “ಸೀಝನ್ ಮುಗೀಲಿ ಅಂದಿದ್ದೆ,” ಅಂದರು.

“ಮುಳ್ಳು ಸರಿ ಇದ್ದಿದ್ರ ಅಂವ ನೋಡಿ ಉರಿ ಸಣ್ಣ ಮಾಡ್ತಿದ್ದ. ಕಾಣಲಿಲ್ಲ, ಕಟ್ಟಿದ. ಅಂವನ ತಪ್ಪು ಐತಿ, ಇಲ್ಲನ್ನೂದಿಲ್ಲ. ನೀವು ಬದಲಿ ಮಾಡಸ್ಲಿಲ್ಲ, ಅದು ನಿಮ್ಮ ತಪ್ಪು. ಗೇಜ್ ಸತ್ತ ಮಶೀನ್ ನಾ ನನ್ನ ಹಿತ್ತಲದಿಂದ ಹೊರಗ ಬಿಟ್ನೆಲ್ಲ, ಅದು ನಂದು. ಮೂರೂ ಮಂದಿ ಕೂಡಿ ಮಾಡೇವ್ರಿ. ಸುಟ್ಟದ್ದು ಮಾತ್ರ ಒಬ್ಬಂದ.”

ಎರಡು ನಿಮಿಷದ ಹಿಂದಷ್ಟೇ “ನಂದಲ್ಲ” ಅಂದಿದ್ದ ಹೆಂಗಸು ತಾನಾಗಿ ಮುಂದೆ ಬಂದು ತನ್ನ ಪಾಲನ್ನು ಎತ್ತಿಕೊಂಡದ್ದು ಮಾಲಕರಿಗೂ ನಾಟಿರಬೇಕು. ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. “ಅಂವ ಆರಾಮ ಆಗಲಿ ಮೊದ್ಲ,” ಅಂದರು ಕೊನೆಗೆ. ಪರಶುರಾಮನನ್ನು ಅವರು ಕೆಲಸದಿಂದ ತೆಗೆಯಲಿಲ್ಲ. ಆಸ್ಪತ್ರೆಯ ಖರ್ಚೂ ಅವರೇ ನೋಡಿಕೊಂಡರು.

ಅಲ್ಲಿಂದ ಸೀದಾ ಆಸ್ಪತ್ರೆಗೆ ಬಂದೆವು. ಕಾಕು ಮಂಚದ ಪಕ್ಕ ನಿಂತು, “ಪರಶುರಾಮ್, ತಂತಿ ಸಿಕ್ತು,” ಅಂದರು.

ಈ ಸಲ ಆತ ಮುಖ ತಿರುಗಿಸಲಿಲ್ಲ. “ಚೂಕ ನಂದ, ಕಾಕು, ತಪ್ಪು ನಂದ. ಹತ್ತ ಮಿನಿಟು ಅಂತ ಕಟ್ಟಿದ್ದೆ. ಅಕ್ಷತಾ ಆದ್ ಮ್ಯಾಲ ಬಿಚ್ಚಾಂವ ಇದ್ದೆ. ಕಪ್ಪು ಕೇಳಾವ್ರ ಗದ್ದಲದಾಗ ಮರತಬಿಟ್ಟೆ. ಅವತ್ತ ನೀವ ಬಂದ್ರೆಲ್ಲ, ನಿಮಗ ಮಾರಿ ತೋರ್ಸಾಕ ಆಗ್ಲಿಲ್ಲ.”

“ನಾ ಏನ್ ತಿಳ್ಕೊಂಡಿದ್ದೆ ಗೊತ್ತೇನು? ನನ್ನ ಮ್ಯಾಲ ಸಿಟ್ಟಾಗಿದ್ದಿ ಅಂತ.”

“ನಿಮ್ಮ ಮ್ಯಾಲ?” ಆತ ಎದ್ದು ಕೂರಲು ನೋಡಿದ. ಪಟ್ಟಿಯ ಕೆಳಗೆ ಅಳು ಬಂತು. ಹೆಂಡತಿ ಗಾಬರಿಯಿಂದ ಅವನ ಭುಜ ಹಿಡಿದು, “ಅಳಬ್ಯಾಡ್ರೀ, ಪಟ್ಟಿ ತೊಯ್ತೈತಿ! ಡಾಕ್ಟ್ರು ಬೈತಾರ!” ಅಂದಳು. ಅಳುತ್ತಿದ್ದವನು ನಕ್ಕ. ಅವಳೂ ಮೂರು ದಿನದಲ್ಲಿ ಮೊದಲ ಸಲ ನಕ್ಕಳು.

ಪಟ್ಟಿ ಬಿಚ್ಚಿದ್ದು ಮರುದಿನ. ಕಾಕು ಬಾಗಿಲ ಹೊರಗೆ ನಿಂತಿದ್ದರು, ಒಳಗೆ ಬರಲು ಒಪ್ಪಲಿಲ್ಲ. ಡಾಕ್ಟರು ಬೆರಳು ಹಿಡಿದು ಎಷ್ಟು ಎಂದು ಕೇಳಿದರು. “ಎರಡು,” ಅಂದ ಪರಶುರಾಮ. ಇನ್ನೊಂದು ಕಣ್ಣಿಗೆ, “ಮೂರು.” ಆಮೇಲೆ ಬಾಗಿಲ ಕಡೆ ನೋಡಿ, “ಕಾಕು, ಹೊರಗ ಯಾಕ ನಿಂತೀರಿ, ಒಳಗ ಬರ್ರಿ,” ಅಂದ. ಕೆನ್ನೆ ಮತ್ತು ತೋಳಿನ ಚರ್ಮ ಕೂಡಿಕೊಳ್ಳಲು ತಿಂಗಳುಗಳೇ ಬೇಕಾದವು. ಕಣ್ಣು ಮಾತ್ರ ಎರಡೂ ಉಳಿದವು.

ಕಾಕು ಮತ್ತೆ ಪಾನಾ ಹಿಡಿದರು. ಗೇಜು ಕೆಟ್ಟ ಮಶೀನು ಅಲ್ಲಿಂದ ಮುಂದೆ ಅವರ ಹಿತ್ತಲು ದಾಟಲಿಲ್ಲ. ಎಷ್ಟೋ ಮಂದಿ ಗೊಣಗಿದರು, ಕೆಲವರು ಬೇರೆ ಕಡೆ ಹೋದರು, ಹೋದವರಲ್ಲಿ ಹೆಚ್ಚಿನವರು ತಿರುಗಿ ಬಂದರು.

ಪರಶುರಾಮ ಕೆಲಸಕ್ಕೆ ಮರಳಿದ, ಆದರೆ ಕಾಫಿ ಮಶೀನಿನ ಹತ್ತಿರ ಹೋಗಲಿಲ್ಲ. ಎರಡು ವರ್ಷ ಪಂಕ್ತಿಯಲ್ಲಿ ಬಡಿಸಿದ. ಯಾವುದೋ ಮದುವೆಯಲ್ಲಿ ಮಶೀನಿನ ಸದ್ದು ಎದ್ದಾಗ ಅವನ ಕೈಯಿಂದ ಪಲ್ಯದ ಬಕೆಟ್ಟು ಬಿದ್ದದ್ದನ್ನು ನಾನೇ ಕಂಡಿದ್ದೇನೆ. ಆದರೂ ಕಾಫಿ ಅವನಿಗೆ ಗೊತ್ತಿದ್ದ ಕೆಲಸ, ಇಷ್ಟದ ಕೆಲಸ. ಹೋದ ವರ್ಷ ಹೆಂಡತಿಯೇ ಹಟ ಹಿಡಿದು ಖಾನಾಪುರ ಬಸ್‌ಸ್ಟ್ಯಾಂಡಿನ ಬಳಿ ಸಣ್ಣದೊಂದು ಕಾಫಿಗೂಡು ಹಾಕಿಸಿದಳು. ಹಳೆಯ ಹಿತ್ತಾಳೆ ಮಶೀನೊಂದನ್ನು ಕಾಕು ಹುಡುಕಿ, ತಿಂಗಳು ಹಿಡಿದು ಸರಿಪಡಿಸಿಕೊಟ್ಟರು. ಶುರು ಮಾಡುವ ದಿನ ನನ್ನನ್ನೂ ಕರೆದುಕೊಂಡು ಹೋದರು.

ಬೆಳಗಿನ ಒಂಬತ್ತು ಗಂಟೆ. ಗೂಡಿನ ಮುಂದೆ ಏಳೆಂಟು ಮಂದಿ ನಿಂತಿದ್ದರು, ಬಸ್ಸಿಗೆ ಹೊರಟವರು. ಮಶೀನು ಬಿಸಿಯಾಗಿತ್ತು, ಗೇಜಿನ ಮುಳ್ಳು ಏರಿ ನಿಂತಿತ್ತು, ಸೀಟಿ ಒಮ್ಮೆ ಹೊಡೆದು ಸುಮ್ಮನಾಗಿತ್ತು. ಪರಶುರಾಮ ಹಾಲಿನ ಜಗ್ಗು ಎತ್ತಿ ಕೊಳವೆಗೆ ಒಡ್ಡಿದ. ಇನ್ನೊಂದು ಕೈ ಗುಂಡಿಯ ತನಕ ಹೋಯಿತು. ಅಲ್ಲೇ ನಿಂತಿತು. ಕೆನ್ನೆಯ ಮೇಲಿನ ಸುಟ್ಟ ಕಲೆಯ ಸುತ್ತ ಬೆವರು ಕಂಡಿತು. ಹಿಂದೆ ನಿಂತವರಲ್ಲಿ ಒಬ್ಬರು, “ಬಸ್ ಬರ್ತೈತ್ರಿ,” ಅಂದರು. ಹೆಂಡತಿ ಮುಂದೆ ಬರಲು ಹೊರಟಳು. ಕಾಕು ಕೈ ಅಡ್ಡ ಹಿಡಿದು ಅವಳನ್ನು ತಡೆದರು.

ಗೂಡಿನ ಹಲಗೆ ಎತ್ತಿ ಒಳಗೆ ಹೋದರು. ಕೊಳವೆಯ ಕಡೆಗೆ, ಏನಾದರೂ ಕಿತ್ತರೆ ಉಗಿ ನೇರವಾಗಿ ಬಂದು ಹೊಡೆಯುವ ಜಾಗದಲ್ಲಿ, ಮಶೀನಿಗೆ ಮುಖ ಮಾಡಿ ನಿಂತರು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು.

“ಹಂ,” ಅಂದರು. “ತಿರುವು.”

ಪರಶುರಾಮ ಅವರ ಮುಖ ನೋಡಿದ. ಆಮೇಲೆ ಗುಂಡಿ ತಿರುಗಿಸಿದ. ಉಗಿ ಹಾಲಿಗೆ ಇಳಿಯಿತು, ಹಾಲು ಗುರುಗುಟ್ಟಿ ಏಳತೊಡಗಿತು. ಜಗ್ಗು ತುಂಬುವವರೆಗೂ ಕಾಕು ಅಲ್ಲಿಂದ ಕದಲಲಿಲ್ಲ. ತುಂಬಿದ ಮೇಲೆ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟರು.